ಪೈಪು ಒಡೆಯುವ ಮೊದಲೇ ಬದಲಿಸಿ: ಟ್ರ್ಯಾಕ್ಟರ್, ಲಾರಿ, ಕಂಪ್ರೆಸರ್ ಮಾಲೀಕರಿಗೂ ಚಾಲಕರಿಗೂ ಒಂದು ಬಹಿರಂಗ ಪತ್ರ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ತಾಲೂಕುಗಳ ಟ್ರ್ಯಾಕ್ಟರ್, ಲಾರಿ, ಗೂಡ್ಸ್ ಗಾಡಿ ಮತ್ತು ಕ್ವಾರಿ ಕಂಪ್ರೆಸರ್‌ಗಳ ಮಾಲೀಕರೆ, ಅವನ್ನು ಹಗಲು ರಾತ್ರಿ ನಡೆಸುವ ಅಣ್ಣ ತಮ್ಮಂದಿರೆ,



ಖಂಡೇನವಮಿ ಹತ್ತಿರ ಬಂತು. ಅದು ಮುಗಿಯುತ್ತಿದ್ದಂತೆ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಘಟಪ್ರಭೆ, ಮಲಪ್ರಭೆಯ ದಂಡೆಯ ಹೊಲಗಳಿಂದ ಫ್ಯಾಕ್ಟರಿಯ ಅಂಗಳಕ್ಕೆ ಸಾಲುಗಟ್ಟಲಿವೆ. ಟೈರು ನೋಡಿದ್ದೀರಿ, ಬ್ರೇಕು ನೋಡಿದ್ದೀರಿ, ಆಯಿಲ್ ಬದಲಿಸಿದ್ದೀರಿ, ಹಾಡಿನ ಡಬ್ಬಿಯನ್ನೂ ಹೊಸದಾಗಿ ಕೂರಿಸಿದ್ದೀರಿ. ರೇಡಿಯೇಟರ್‌ನಿಂದ ಇಂಜಿನ್ನಿಗೆ ಹೋಗುವ ಕಪ್ಪು ರಬ್ಬರ್ ಪೈಪನ್ನು ಎಷ್ಟು ಜನ ನೋಡಿದ್ದೀರಿ? ಅದು ಯಾವ ವರ್ಷದ್ದು ಎಂದು ಕೇಳಿದರೆ ಎಷ್ಟು ಜನ ಹೇಳಬಲ್ಲಿರಿ? ಗಾಡಿ ಶೋರೂಮಿನಿಂದ ಬಂದಾಗಿನ ಪೈಪೇ ಇನ್ನೂ ಇದೆ ಎಂದು ಹೆಮ್ಮೆಯಿಂದ ಹೇಳುವವರನ್ನು ನಾನು ಬಹಳ ಕಂಡಿದ್ದೇನೆ. ಆ ಹೆಮ್ಮೆ ಕೇಳಿದಾಗಲೆಲ್ಲ ನನಗೆ ಅಂಜಿಕೆಯಾಗುತ್ತದೆ. ಇಂಜಿನ್ ಕೆಲಸವನ್ನೇ ನಂಬಿ ಬದುಕಿದವನಾಗಿ ನಿಮ್ಮ ಮುಂದೆ ಒಂದೇ ಮಾತು ಇಡುತ್ತಿದ್ದೇನೆ: ಆ ಪೈಪು ಒಡೆದ ಮೇಲೆ ಬದಲಿಸುವ ಸಾಮಾನಲ್ಲ, ವರ್ಷ ತುಂಬಿದ ಮೇಲೆ ಬದಲಿಸುವ ಸಾಮಾನು.

ಈ ಮಾತು ನಾನು ಕಟ್ಟಿದ್ದಲ್ಲ. ವಿಮಾನದವರು ಇದನ್ನು ಬಹಳ ಹಿಂದೆಯೇ ನಿಯಮ ಮಾಡಿಕೊಂಡಿದ್ದಾರೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ನಾವೆಲ್ಲ ಎನ್‌ಎಎಲ್ ಎಂದು ಕರೆಯುವ ಸಂಸ್ಥೆ, ‘ಹಂಸ’ ಎಂಬ ಎರಡು ಸೀಟಿನ ಪುಟ್ಟ ತರಬೇತಿ ವಿಮಾನ ಮಾಡಿತು. ಅದು ಮೊದಲ ಸಲ ಹಾರಿದ್ದು 1993ರಲ್ಲಿ. ಅದರ ಹಂಸ-3 ಮಾದರಿಯಲ್ಲಿರುವುದು ಆಸ್ಟ್ರಿಯಾ ದೇಶದ ರೋಟ್ಯಾಕ್ಸ್ ಕಂಪನಿಯ 914 ಇಂಜಿನ್. 2021ರಲ್ಲಿ ಹಾರಿದ ಹೊಸ ಹಂಸದಲ್ಲಿರುವುದು ಅದೇ ಕಂಪನಿಯ 912. ಜಗತ್ತಿನಾದ್ಯಂತ ಕಿಟ್ ತರಿಸಿಕೊಂಡು ಮನೆಯ ಶೆಡ್ಡಿನಲ್ಲೇ ವಿಮಾನ ಜೋಡಿಸುವ ಹವ್ಯಾಸಿಗಳಿದ್ದಾರೆ. ಅವರಲ್ಲಿ ಬಹಳ ಮಂದಿ ಕೂರಿಸುವುದೂ ಇದೇ ಇಂಜಿನ್. ಇದರ ಸಿಲಿಂಡರ್‌ಗಳು ಗಾಳಿಯಿಂದ ತಣಿಯುತ್ತವೆ, ಹೆಡ್ ಮಾತ್ರ ನಮ್ಮ ಟ್ರ್ಯಾಕ್ಟರ್ ಹಾಗೆ ಕೂಲಂಟಿನಿಂದ. ಅಲ್ಲೂ ರೇಡಿಯೇಟರ್ ಇದೆ, ವಾಟರ್ ಪಂಪ್ ಇದೆ, ರಬ್ಬರ್ ಪೈಪಿದೆ, ಕ್ಲಿಪ್ಪಿದೆ.

ಆ ಕಂಪನಿಯ ಮೆಂಟೆನನ್ಸ್ ಪುಸ್ತಕ ಹೇಳುವುದು ಸ್ಪಷ್ಟ: ಇಂಜಿನ್ನಿನ ರಬ್ಬರ್ ಸಾಮಾನುಗಳನ್ನು, ಕೂಲಂಟ್ ಪೈಪುಗಳೂ ಸೇರಿ, 5 ವರ್ಷಕ್ಕೊಮ್ಮೆ ಬದಲಿಸಬೇಕು. ವಿಮಾನ ಎಷ್ಟು ತಾಸು ಹಾರಿತು ಎಂಬ ಲೆಕ್ಕ ಅಲ್ಲಿಲ್ಲ. ಹಾರದೆ ಶೆಡ್ಡಿನಲ್ಲಿ ನಿಂತಿದ್ದರೂ ಸರಿ, ಪೈಪು ಹೊರಗಿಂದ ಹೊಸದರಂತೆ ಹೊಳೆಯುತ್ತಿದ್ದರೂ ಸರಿ. ಸ್ವಂತ ಕೈಯಿಂದ ವಿಮಾನ ಕಟ್ಟಿದವರಿಗೂ ಇದು ಕಷ್ಟದ ಮಾತೇ. ಚೆನ್ನಾಗಿ ಕಾಣುವ ಪೈಪನ್ನು ಕತ್ತರಿಸಿ ಬಿಸಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೂ ಬದಲಿಸುತ್ತಾರೆ. ಮೇಲೆ ಹಾರುವಾಗ ಪೈಪು ಒಡೆದರೆ ಬದಿಗೆ ನಿಲ್ಲಿಸಿ ಬಾನೆಟ್ ಎತ್ತಲು ಬರುವುದಿಲ್ಲ ಎಂಬುದು ಅವರಿಗೆ ಗೊತ್ತು.

‘ನಮ್ದು ವಿಮಾನ ಅಲ್ಲಲ್ರೀ’ ಎಂದು ನೀವು ಹೇಳುತ್ತೀರಿ. ನಿಜ. ಆದರೆ ರಬ್ಬರಿಗೆ ತಾನು ವಿಮಾನದಲ್ಲಿದ್ದೇನೋ ಟ್ರ್ಯಾಕ್ಟರ್‌ನಲ್ಲಿದ್ದೇನೋ ಗೊತ್ತಿಲ್ಲ. ಅದು ಹಣ್ಣಾಗುವ ರೀತಿ ಎರಡೂ ಕಡೆ ಒಂದೇ. ನಮ್ಮ ಕಡೆ ಬಿಸಿಲು ಹೆಚ್ಚು, ದೂಳು ಹೆಚ್ಚು, ನೀರು ಕೆಟ್ಟದ್ದು. ಹಾಗಾಗಿ ನಮ್ಮ ಪೈಪಿನ ಆಯುಷ್ಯ ಅವರದಕ್ಕಿಂತ ಕಡಿಮೆಯೇ ಹೊರತು ಜಾಸ್ತಿಯಲ್ಲ. (ಹಳೆಯ ಐಷರ್ ಟ್ರ್ಯಾಕ್ಟರ್‌ಗಳಂಥ ಗಾಳಿಯಿಂದ ತಣಿಯುವ ಇಂಜಿನ್ ಇಟ್ಟುಕೊಂಡವರು ಈ ಪತ್ರವನ್ನು ಪಕ್ಕದ ಮನೆಯವರಿಗೆ ಕೊಡಬಹುದು, ಅವರ ಗಾಡಿಗೆ ರೇಡಿಯೇಟರ್ರೇ ಇಲ್ಲ.)

ಪೈಪು ಯಾಕೆ ಹೋಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ತಿಳಿವಳಿಕೆ ತಪ್ಪಿರುವುದು ಇಲ್ಲೇ. ಪೈಪು ಹೊರಗಿಂದ ಸವೆಯುತ್ತದೆ, ಸೀಳು ಬಿಟ್ಟರೆ ಕಣ್ಣಿಗೆ ಕಾಣುತ್ತದೆ ಎಂದು ನಾವು ತಿಳಿದಿದ್ದೇವೆ. ಬಹಳಷ್ಟು ಪೈಪುಗಳು ಹೋಗುವುದು ಒಳಗಿಂದ. ಕೂಲಂಟ್ ಪೈಪಿನಲ್ಲಿ ಮೂರು ಪದರ ಇರುತ್ತವೆ: ಒಳಗೆ ರಬ್ಬರ್ ಕೊಳವೆ, ನಡುವೆ ನೂಲಿನ ಹೆಣಿಗೆ, ಮೇಲೆ ಮತ್ತೊಂದು ರಬ್ಬರ್ ಹೊದಿಕೆ. ಒತ್ತಡ ತಡೆಯುವುದು ನಡುವಿನ ನೂಲು. ಇನ್ನು ಪೈಪಿನ ತುದಿ ಕೂತಿರುವುದು ಲೋಹದ ಮೂತಿಯ ಮೇಲೆ. ಒಳಗೆ ಹರಿಯುವುದು ಕೂಲಂಟ್. ರಬ್ಬರಿನಲ್ಲಿ ಕಾರ್ಬನ್ ಮಸಿ ಬೆರೆಸಿರುತ್ತಾರೆ. ಲೋಹ, ದ್ರವ, ಮಸಿ ಬೆರೆತ ರಬ್ಬರ್ ಮೂರೂ ಕೂಡಿದರೆ ಸಣ್ಣದೊಂದು ಬ್ಯಾಟರಿಯೇ ಆಯಿತು. ಆ ಅತಿ ಸಣ್ಣ ಕರೆಂಟು ಪೈಪಿನ ಒಳಗೋಡೆಯಲ್ಲಿ ಉದ್ದುದ್ದ ಸೂಕ್ಷ್ಮ ಬಿರುಕು ಎಬ್ಬಿಸುತ್ತದೆ. ಬಿರುಕಿನಿಂದ ಕೂಲಂಟ್ ನುಸುಳಿ ನೂಲಿಗೆ ಮುಟ್ಟುತ್ತದೆ, ನೂಲು ಬಲ ಕಳೆದುಕೊಳ್ಳುತ್ತದೆ. ಅಷ್ಟರಲ್ಲೂ ಮೇಲಿನ ಹೊದಿಕೆ ನೆಟ್ಟಗೇ ಕಾಣುತ್ತಿರುತ್ತದೆ, ಗೆದ್ದಲು ತಿಂದ ತೊಲೆಯ ಮೇಲಿನ ಬಣ್ಣದ ಹಾಗೆ. ಪೈಪು ಮತ್ತು ಬೆಲ್ಟ್ ಮಾಡುವ ಗೇಟ್ಸ್ ಕಂಪನಿಯ ಇಂಜಿನಿಯರ್‌ಗಳು ಒಡೆದ ಪೈಪುಗಳನ್ನು ಸೀಳಿ ನೋಡಿ ಇದನ್ನು ಪತ್ತೆ ಮಾಡಿದರು. ನಾಲ್ಕು ವರ್ಷಕ್ಕೊಮ್ಮೆಯಾದರೂ ಕೂಲಂಟ್ ಪೈಪು ಬದಲಿಸಿ ಎಂಬುದು ಅವರ ಸಲಹೆ.

ಈ ಬಿರುಕು ಹೆಚ್ಚಾಗಿ ಏಳುವುದು ಪೈಪಿನ ನಡುವೆ ಅಲ್ಲ, ತುದಿಯಿಂದ ಎರಡು ಇಂಚಿನೊಳಗೆ, ಲೋಹ ಹತ್ತಿರವಿರುವಲ್ಲಿ. ಅದರಲ್ಲೂ ಇಂಜಿನ್ನಿನಿಂದ ರೇಡಿಯೇಟರಿಗೆ ಸುಡುವ ನೀರು ಒಯ್ಯುವ ಮೇಲಿನ ಪೈಪು ಮೊದಲು ಹೋಗುತ್ತದೆ. ಥರ್ಮೋಸ್ಟ್ಯಾಟ್ ಬಳಿ ಗೇಣಿಗಿಂತ ಚಿಕ್ಕದೊಂದು ಬೈಪಾಸ್ ಪೈಪು ಇರುತ್ತದಲ್ಲ, ಅದೂ ಅಷ್ಟೇ ಬೇಗ ಹೋಗುತ್ತದೆ. ಅದರ ನೆನಪು ಮಾತ್ರ ಯಾರಿಗೂ ಇರುವುದಿಲ್ಲ. ಮೇಲಿನ ಪೈಪು, ಕೆಳಗಿನ ಪೈಪು ಎರಡೂ ಹೊಸದಾಗಿ ಹಾಕಿಸಿ, ಬೈಪಾಸ್ ಹಳೆಯದೇ ಬಿಟ್ಟು, ಮರುತಿಂಗಳು ಅದೇ ಒಡೆದು ಬಂದ ಗಾಡಿಗಳು ನನ್ನ ಕೈಗೆ ಬಂದಿವೆ.

ಬಿಸಿಯದೂ ಒಂದು ಲೆಕ್ಕವಿದೆ. ಶಾಖ ಹತ್ತು ಡಿಗ್ರಿ ಏರಿದರೆ ರಬ್ಬರ್ ಹಣ್ಣಾಗುವ ವೇಗ ಸುಮಾರಾಗಿ ಎರಡು ಪಟ್ಟಾಗುತ್ತದೆ ಎಂಬುದು ರಬ್ಬರ್ ತಜ್ಞರ ಒರಟು ಅಂದಾಜು. ಇಳಕಲ್ಲಿನ ಕ್ವಾರಿಗಳನ್ನು ನೆನೆಸಿಕೊಳ್ಳಿ. ನಮ್ಮ ಕೆಂಪು ಗ್ರಾನೈಟ್ ಕೊರೆಯುವ ಕಂಪ್ರೆಸರ್‌ನ ಡೀಸೆಲ್ ಇಂಜಿನ್ ನಿಂತಲ್ಲೇ ನಿಂತು ದಿನವಿಡೀ ದುಡಿಯುತ್ತದೆ. ಓಡುವ ಗಾಡಿಗೆ ಸಿಗುವ ಎದುರುಗಾಳಿ ಅದಕ್ಕಿಲ್ಲ, ಫ್ಯಾನಿನ ಗಾಳಿಯಷ್ಟೇ. ಕಲ್ಲಿನ ದೂಳು ರೇಡಿಯೇಟರಿನ ಜಾಲಿಯಲ್ಲಿ ಕೂತು ಗಟ್ಟಿಯಾಗುತ್ತದೆ. ಸುತ್ತ ಬಂಡೆ ಕಾದಿರುತ್ತದೆ. ಅಲ್ಲಿ ಇಂಜಿನ್ ಬಿಸಿ ಹತ್ತು ಡಿಗ್ರಿ ಏರುವುದು ದೊಡ್ಡ ಮಾತಲ್ಲ. ಬಾನೆಟ್ ಬಾಗಿಲು ತೆಗೆದಿಟ್ಟರೆ ಸಾಕು ಎಂದುಕೊಂಡವರಿದ್ದಾರೆ. ಅದಕ್ಕಿಂತ ವಾರಕ್ಕೊಮ್ಮೆ ಇಂಜಿನ್ ಬದಿಯಿಂದ ಹೊರಮುಖವಾಗಿ ಗಾಳಿ ಹೊಡೆದು ಜಾಲಿ ಚೊಕ್ಕ ಮಾಡುವುದು ಒಳ್ಳೆಯದು. ಕಂಪ್ರೆಸರ್ ನಿಮ್ಮದೇ ಇದೆ, ಗಾಳಿಗೆ ಕೊರತೆಯಿಲ್ಲ.

ಆಯಿಲ್, ಡೀಸೆಲ್ ಸೋರಿ ಬಿದ್ದರೂ ಕೂಲಂಟ್ ಪೈಪು ಕೆಡುತ್ತದೆ. ಅದರ ರಬ್ಬರ್ ನೀರಿಗೂ ಬಿಸಿಗೂ ಸುಲಭಕ್ಕೆ ಜಗ್ಗುವುದಿಲ್ಲ, ಎಣ್ಣೆಗೆ ಬೇಗ ಜಗ್ಗುತ್ತದೆ. ಉಬ್ಬಿ ಸ್ಪಂಜಿನಂತೆ ಮೆತ್ತಗಾಗುತ್ತದೆ. ಪೈಪು ಬದಲಿಸುವ ಮೊದಲು ಸೋರುವ ಆಯಿಲ್ ನಿಲ್ಲಿಸಿ, ಇಲ್ಲವಾದರೆ ಹೊಸದೂ ಅದೇ ಹಾದಿ ಹಿಡಿಯುತ್ತದೆ.

ಇನ್ನು ನೀರು. ನಮ್ಮ ಜಿಲ್ಲೆಯ ಹಲವೆಡೆ ನೆಲ ಸುಣ್ಣಕಲ್ಲಿನದು. ಬಾಗಲಕೋಟೆಗೆ ಸಿಮೆಂಟ್ ಕಾರ್ಖಾನೆ ಬಂದದ್ದೇ ಆ ಕಲ್ಲು ನಂಬಿ. ಬೋರಿನ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪದರ ನಮ್ಮ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಅದೇ ನೀರನ್ನು ನಾವು ರೇಡಿಯೇಟರಿಗೆ ಸುರಿಯುತ್ತೇವೆ. ಆ ಪದರ ಇಂಜಿನ್ನಿನ ಒಳಗೆ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೂರುತ್ತದೆ, ಬಿಸಿ ಹೊರಗೆ ಹೋಗಲು ಬಿಡುವುದಿಲ್ಲ. ಉಪ್ಪಿನಂಶ ಹೆಚ್ಚಿದ ನೀರಿನಲ್ಲಿ ನಾನು ಹೇಳಿದ ಆ ಸಣ್ಣ ಕರೆಂಟಿಗೂ ಹಾದಿ ಸಲೀಸು. ಕೂಲಂಟ್ ಹಾಕದೆ ಬರೀ ನೀರು ತುಂಬಿದರೆ ಡೀಸೆಲ್ ಇಂಜಿನ್ನಿನ ಲೈನರ್‌ನ ಹೊರಮೈಗೆ ಗುಳಿ ಬೀಳುತ್ತದೆ, ತುಕ್ಕು ಪೈಪಿನ ಮೂತಿಯಲ್ಲಿ ಕೂತು ರಬ್ಬರನ್ನು ಕೆರೆಯುತ್ತದೆ. ಕೂಲಂಟ್ ಕಂಪನಿ ಹೇಳಿದ ಪ್ರಮಾಣದಲ್ಲಿ ಬೆರೆಸಿ. ಬೆರೆಸಲು ಡಿಸ್ಟಿಲ್ಡ್ ವಾಟರ್ ಅತ್ಯುತ್ತಮ. ಸಿಗದಿದ್ದರೆ ಈಗ ಬಹಳ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆ. ಅಲ್ಲಿಂದ ಒಂದು ಕ್ಯಾನ್ ತನ್ನಿ. ಬೋರಿನ ನೀರಿಗಿಂತ ಅದು ಎಷ್ಟೋ ಪಾಲು ಮೇಲು.

ಈಗ ಪರೀಕ್ಷೆ. ಇಂಜಿನ್ ಪೂರ್ತಿ ತಣ್ಣಗಿರಬೇಕು, ರಾತ್ರಿ ನಿಲ್ಲಿಸಿದ ಗಾಡಿಯಾದರೆ ಬೆಳಗಿನ ಜಾವ. ಪೈಪನ್ನು ಮೊದಲು ನಡುವೆ ಹೆಬ್ಬೆರಳು ತೋರುಬೆರಳಿನಿಂದ ಹಿಚುಕಿ, ಆಮೇಲೆ ಕ್ಲಿಪ್ಪಿನ ಪಕ್ಕದಲ್ಲಿ ಹಿಚುಕಿ. ನಡುವಿಗಿಂತ ತುದಿ ಮೆತ್ತಗಿದ್ದರೆ, ಬೆರಳಿಗೆ ಒಳಗೆ ಗೆರೆ ಅಥವಾ ಸಂದು ಸಿಕ್ಕಂತಾದರೆ, ಒಳಗೆ ಬಿರುಕು ಎದ್ದಿದೆ. ಹಿಚುಕಿದಾಗ ಕಟಕಟ ಎಂದರೆ ರಬ್ಬರ್ ಗಡುಸಾಗಿದೆ. ಕ್ಲಿಪ್ಪಿನ ಹತ್ತಿರ ಉಬ್ಬು, ಬಿಳಿ ಅಥವಾ ಹಸಿರು ಒಣಕಲು ಕಲೆ, ಬೆಲ್ಟು ಉಜ್ಜಿದ ಗುರುತು ಯಾವುದು ಕಂಡರೂ ಇವತ್ತೇ ಬದಲಿಸಿ. ಕೆಳಗಿನ ಪೈಪಿನದು ಬೇರೆ ಕಥೆ. ವಾಟರ್ ಪಂಪ್ ಅದರಿಂದ ನೀರು ಎಳೆದುಕೊಳ್ಳುವುದರಿಂದ ಅದು ಚಪ್ಪಟೆಯಾಗದಿರಲಿ ಎಂದು ಬಹಳ ಗಾಡಿಗಳಲ್ಲಿ ಒಳಗೆ ಸ್ಪ್ರಿಂಗ್ ಇಟ್ಟಿರುತ್ತಾರೆ. ಹಳೆ ಪೈಪಿನಲ್ಲಿ ಸ್ಪ್ರಿಂಗ್ ಇದ್ದು ಹೊಸದರಲ್ಲಿ ಇಲ್ಲದಿದ್ದರೆ ಅಂಗಡಿಯಿಂದ ತೆಗೆದುಕೊಳ್ಳಬೇಡಿ.

ಆದರೆ ಕೈ ಪರೀಕ್ಷೆಯನ್ನೇ ಪೂರ್ತಿ ನಂಬಬೇಡಿ. ಕೈಗೆ ಸಿಗುವುದು ಕೆಟ್ಟುಹೋದ ಪೈಪು ಮಾತ್ರ. ಕೆಡಲು ಹೊರಟಿರುವ ಪೈಪು ಬೆರಳಿಗೆ ಸಿಗುವುದಿಲ್ಲ. ಹಾಗಾಗಿ ವರ್ಷದ ಲೆಕ್ಕ ಬೇಕು. ನನ್ನ ಅಭಿಪ್ರಾಯ ಇಷ್ಟು: ಕಬ್ಬು ಎಳೆಯುವ ಟ್ರ್ಯಾಕ್ಟರ್‌ಗೆ, ಹುನಗುಂದ ಇಳಕಲ್ ಹೈವೇಯಲ್ಲಿ ಓಡುವ ಲಾರಿ, ಗೂಡ್ಸ್ ಗಾಡಿಗಳಿಗೆ ಮೇಲಿನ ಪೈಪು, ಬೈಪಾಸ್ ಎರಡನ್ನೂ ನಾಲ್ಕು ವರ್ಷಕ್ಕೆ ಬದಲಿಸಿ, ಐದು ತುಂಬುವುದರೊಳಗೆ ಒಂದೂ ಹಳೆಯ ಪೈಪು ಉಳಿಯದಿರಲಿ. ಕ್ವಾರಿ ಕಂಪ್ರೆಸರ್‌ಗಳಿಗೆ ಮೂರೇ ವರ್ಷ. ಬಿತ್ತಲಿಕ್ಕೆ, ಹರಗಲಿಕ್ಕೆ ಮಾತ್ರ ಹೊರಬೀಳುವ ಮನೆಯ ಟ್ರ್ಯಾಕ್ಟರ್ ತಾನೇ ಎಂದು ಹತ್ತು ವರ್ಷ ಬಿಡಬೇಡಿ. ನಿಂತ ಗಾಡಿಯ ರಬ್ಬರಿಗೂ ವಯಸ್ಸಾಗುತ್ತದೆ. ನಿಮ್ಮ ಗಾಡಿಯ ಕಂಪನಿ ಇದಕ್ಕಿಂತ ಬೇಗ ಬದಲಿಸಲು ಹೇಳಿದ್ದರೆ ಅವರ ಮಾತೇ ನಡೆಯಲಿ.

ಬಿಳಿ ಪೇಂಟಿನಿಂದ ಪೈಪಿನ ಮೇಲೆ ತಿಂಗಳು, ವರ್ಷ ಬರೆದುಬಿಡಿ. ಗಾಡಿ ಕೈ ಬದಲಾದರೂ, ಡ್ರೈವರ್ ಬದಲಾದರೂ ಆ ಬರಹ ಉಳಿಯುತ್ತದೆ. ನೋಡುವ ದಿನವನ್ನೂ ನಾನೇ ಸೂಚಿಸುತ್ತೇನೆ: ಖಂಡೇನವಮಿಗೆ ಗಾಡಿ ತೊಳೆಯುವ ಮುಂಜಾನೆ. ಆ ದಿನ ಹೇಗೂ ಬಾನೆಟ್ ಎತ್ತುತ್ತೀರಿ, ಇಂಜಿನ್ ತಣ್ಣಗಿರುತ್ತದೆ, ಮನೆಮಂದಿ ಎಲ್ಲ ಅಂಗಳದಲ್ಲಿರುತ್ತಾರೆ. ಕುಂಕುಮ ಹಚ್ಚುವ ಮೊದಲು ಪೈಪು ಹಿಚುಕಿ, ಬರೆದ ವರ್ಷ ಓದಿ. ಹಂಗಾಮು ಶುರುವಾಗಲು ಇನ್ನೂ ದಿನಗಳಿರುತ್ತವೆ, ಸಾಮಾನು ತರಿಸಲು ಸಮಯ ಸಿಗುತ್ತದೆ.

ಹಾಕುವ ಕೆಲಸದಲ್ಲಿ ಎರಡು ಮೂರು ಮಾತು. ಹಳೆ ಪೈಪು ಬಿಡದಿದ್ದರೆ ಸ್ಕ್ರೂಡ್ರೈವರ್ ತೂರಿ ಮೀಟಬೇಡಿ, ರೇಡಿಯೇಟರಿನ ಮೂತಿ ಮುರಿಯುತ್ತದೆ. ಪೈಪನ್ನೇ ಉದ್ದಕ್ಕೆ ಸೀಳಿ ತೆಗೆಯಿರಿ. ಮೂತಿಯ ತುಕ್ಕು ಪಾಲಿಶ್ ಪೇಪರಿನಿಂದ ಉಜ್ಜಿ ನುಣುಪು ಮಾಡಿ. ಹೊಸ ಪೈಪು ಸಲೀಸಾಗಿ ಕೂರಲೆಂದು ಗ್ರೀಸ್ ಹಚ್ಚುವ ರೂಢಿ ಬಿಡಿ. ಕೂಲಂಟ್ ಹಚ್ಚಿದರೆ ಸಾಕು. ಕ್ಲಿಪ್ಪು ಮೂತಿಯ ಏಣಿನ ಒಳಗೆ ಕೂರಬೇಕು, ಏಣಿನ ಮೇಲೆ ಅಲ್ಲ. ಮಿತಿ ಮೀರಿ ಬಿಗಿದರೆ ಕ್ಲಿಪ್ಪೇ ರಬ್ಬರ್ ಕತ್ತರಿಸುತ್ತದೆ. ಇಂಜಿನ್ ಒಮ್ಮೆ ಕಾದು ಪೂರ್ತಿ ತಣ್ಣಗಾದ ಮೇಲೆ ಮತ್ತೊಮ್ಮೆ ಬಿಗಿತ ನೋಡಿ. ಇಳಿಸಿದ ಹಳೆ ಕೂಲಂಟನ್ನು ಅಂಗಳದಲ್ಲಿ ಚೆಲ್ಲಬೇಡಿ. ಅದು ಸಿಹಿ, ಆದರೆ ವಿಷ. ನಾಯಿ, ಕರು ನೆಕ್ಕಿದರೆ ಮೂತ್ರಪಿಂಡ ಹೋಗಿ ಸಾಯುತ್ತವೆ. ಮಕ್ಕಳ ಕೈಗೆ ಸಿಗುವ ತಂಪುಪಾನೀಯದ ಬಾಟಲಿಯಲ್ಲಂತೂ ತುಂಬಿಡಲೇಬೇಡಿ.

ಮಾಲೀಕರೆ, ಇನ್ನು ನಿಮಗಷ್ಟೇ ಹೇಳುವ ಮಾತು. ‘ಇನ್ನೂ ಗಟ್ಟಿ ಐತಿ, ಈ ಸೀಜನ್ ದಾಟ್ತೈತಿ ತಗೋ’ ಎಂಬ ಮಾತಿನ ಬೆಲೆ ಕೊಡುವವರು ನೀವಲ್ಲ, ಡ್ರೈವರ್ ಸೀಟಿನಲ್ಲಿ ಕೂತ ಹುಡುಗ. ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿದಿಡುತ್ತದೆ. ಬಹಳ ಗಾಡಿಗಳ ಮುಚ್ಚಳದ ಮೇಲೆ 0.9 ಎಂದು ಅಚ್ಚಾಗಿರುತ್ತದೆ. ಆ ಒತ್ತಡದಲ್ಲಿ ನೀರು ಕುದಿಯುವುದು 100 ಡಿಗ್ರಿಗಲ್ಲ, 120ರ ಹತ್ತಿರ. ಪೈಪು ಒಡೆದಾಗ, ಅಥವಾ ಅವಸರದಲ್ಲಿ ಮುಚ್ಚಳ ತಿರುವಿದಾಗ, ಅಷ್ಟು ಕಾದ ನೀರು ಒಮ್ಮೆಲೆ ಹಬೆಯಾಗಿ ಮುಖಕ್ಕೆ, ಎದೆಗೆ ಚಿಮ್ಮುತ್ತದೆ. ಹಾಗೆ ಸುಟ್ಟುಕೊಂಡ ಕೈಗಳನ್ನು ನಾನು ಕಂಡಿದ್ದೇನೆ. ಹದಿನೆಂಟು ಇಪ್ಪತ್ತರ ಹುಡುಗರು. ಪೈಪು ಮೆತ್ತಗಾಗಿದೆ ಎಂದು ಡ್ರೈವರ್ ಬಂದು ಹೇಳಿದರೆ ಅವನನ್ನು ಬಯ್ಯಬೇಡಿ, ಕೆಲಸ ತಪ್ಪಿಸಲು ನೆಪ ಹುಡುಕುತ್ತಾನೆ ಎನ್ನಬೇಡಿ. ಅದೇ ದಿನ ಅಂಗಡಿಗೆ ಕಳಿಸಿ. ಪೈಪಿನ ಬೆಲೆ ನೂರುಗಳಲ್ಲಿ; ಹೆಡ್ ಬಿರುಕು ಬಿಟ್ಟರೆ, ಪಿಸ್ಟನ್ ಜಾಮ್ ಆದರೆ ಲೆಕ್ಕ ಹತ್ತಾರು ಸಾವಿರದಲ್ಲಿ. ಹಂಗಾಮಿನ ನಡುವೆ ಗಾಡಿ ಗ್ಯಾರೇಜಿನಲ್ಲಿ ನಿಂತರೆ ಕಡಿದ ಕಬ್ಬು ಹೊಲದಲ್ಲೇ ಒಣಗಿ ತೂಕ ಕಳೆದುಕೊಳ್ಳುತ್ತದೆ, ಆ ನಷ್ಟ ರೈತನದು.

ಚಾಲಕ ತಮ್ಮಂದಿರೆ, ನಿಮಗೂ ಇದೆ. ಟೆಂಪರೇಚರ್ ಮುಳ್ಳನ್ನು ಕಣ್ಣು ಮುಚ್ಚಿ ನಂಬಬೇಡಿ. ಮುಳ್ಳಿಗೆ ಸುದ್ದಿ ಮುಟ್ಟಿಸುವ ಸೆನ್ಸರ್ ನೀರಿನಲ್ಲಿ ಮುಳುಗಿರಬೇಕು. ಪೈಪು ಒಡೆದು ನೀರೆಲ್ಲ ಹೋದರೆ ಅದು ಖಾಲಿ ಜಾಗದಲ್ಲಿ ಉಳಿಯುತ್ತದೆ. ಇಂಜಿನ್ ಸುಡುತ್ತಿದ್ದರೂ ಮುಳ್ಳು ಇಳಿದು ಎಲ್ಲ ನೆಟ್ಟಗಿದೆ ಎಂದು ತೋರಿಸಬಹುದು. ಏರುತ್ತಿದ್ದ ಮುಳ್ಳು ಏಕಾಏಕಿ ಕೆಳಗೆ ಬಿದ್ದರೆ, ಸಿಹಿ ವಾಸನೆ ಬಂದರೆ, ಗಾಜಿನ ಮೇಲೆ ಹನಿ ಕಂಡರೆ ಬದಿಗೆ ಹಾಕಿ ಇಂಜಿನ್ ಬಂದ್ ಮಾಡಿ. ಕಾದ ಇಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಹೆಡ್ ಸೀಳುತ್ತದೆ. ಮುಚ್ಚಳಕ್ಕೆ ಕೈ ಹಚ್ಚುವ ಮೊದಲು ಮೇಲಿನ ಪೈಪು ಮುಟ್ಟಿ ನೋಡಿ; ಅದು ಬಿಸಿಯಾಗಿ ಬಿರುಸಾಗಿ ಇರುವವರೆಗೆ ಒತ್ತಡ ಇಳಿದಿಲ್ಲ. ಬೇಸಿಗೆಯಲ್ಲಿ ಹೀಟ್ ಆಗಬಾರದೆಂದು ಥರ್ಮೋಸ್ಟ್ಯಾಟ್ ಕಿತ್ತು ಬಿಸಾಡುವ ರೂಢಿಯೂ ನಮ್ಮಲ್ಲಿದೆ. ಅದರಿಂದ ಮೂಲ ಕಾಯಿಲೆ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ. ಟ್ಯೂಬಿನ ತುಂಡು ಸುತ್ತಿ ತಂತಿ ಬಿಗಿದ ಪೈಪು ಹತ್ತಿರದ ಗ್ಯಾರೇಜಿನವರೆಗೆ ಮಾತ್ರ. ಅದರ ಮೇಲೆ ಮತ್ತೊಂದು ಲೋಡ್ ಹಾಕಬೇಡಿ.

ಪುಷ್ಯದಲ್ಲಿ ಬನಶಂಕರಿ ಜಾತ್ರೆಗೆ ಬಾದಾಮಿಯ ರಸ್ತೆ ತುಂಬ ಟ್ರ್ಯಾಕ್ಟರ್‌ಗಳಿರುತ್ತವೆ. ಟ್ರೇಲರಿನಲ್ಲಿ ಜನ ಕೂರಿಸುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಕೇಡು. ಅದು ಗೊತ್ತಿದ್ದೂ ಮುದುಕರು, ಮಕ್ಕಳು ಇಂಜಿನ್ನಿನ ಹಿಂದೆಯೇ ಕೂತಿರುವುದನ್ನು ಪ್ರತಿ ಜಾತ್ರೆಯಲ್ಲೂ ನೋಡುತ್ತೇವೆ. ರಾತ್ರಿ, ಏರಿನಲ್ಲಿ, ಹಿಂದೆ ಮುಂದೆ ಗಾಡಿ ಸಿಕ್ಕಿಕೊಂಡಲ್ಲಿ ಪೈಪು ಒಡೆದು ಗಾಡಿ ನಿಂತರೆ ಹಿಂದಿನಿಂದ ಬರುವವನಿಗೆ ಕಾಣುವುದಿಲ್ಲ. ದಯವಿಟ್ಟು ಜನರನ್ನು ಬಸ್ಸಿಗೆ ಹತ್ತಿಸಿ.

ಬಿಡಿಭಾಗದ ಅಂಗಡಿಯವರಲ್ಲೂ ಒಂದು ಬಿನ್ನಹ. ವರ್ಷಗಟ್ಟಲೆ ಅಂಗಡಿಯ ಮುಂದೆ ಬಿಸಿಲಿಗೆ ತೂಗುಹಾಕಿದ ಪೈಪನ್ನು ಹೊಸದೆಂದು ಕೊಡಬೇಡಿ. ರಬ್ಬರ್ ಅಲ್ಲೇ ಹಣ್ಣಾಗಿರುತ್ತದೆ. ತಂಪಾಗಿ, ಕತ್ತಲಲ್ಲಿ ಇಡಿ, ತಯಾರಾದ ವರ್ಷ ಅಚ್ಚಾಗಿರುವ ಸಾಮಾನು ತರಿಸಿ. ಗಿರಾಕಿಗಳೂ ಆ ವರ್ಷ ಕೇಳಿ ತೆಗೆದುಕೊಳ್ಳಲಿ.

ಕಡೆಯದಾಗಿ, ಈ ಸಲ ಬದಲಿಸಿದ ಹಳೆ ಪೈಪನ್ನು ‘ಸ್ಪೇರ್ ಇರಲಿ’ ಎಂದು ಸೀಟಿನ ಕೆಳಗೆ ಇಡಬೇಡಿ. ತುದಿಯ ಎರಡು ಇಂಚನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ, ಒಳಮೈ ಹೊರಗೆ ಮಡಚಿ, ಬಿಸಿಲಿಗೆ ಹಿಡಿದು ನೋಡಿ. ಗೆರೆಗಳು ಕಂಡರೆ ಅಕ್ಕಪಕ್ಕದ ಟ್ರ್ಯಾಕ್ಟರ್‌ನವರಿಗೂ ತೋರಿಸಿ. ನನ್ನ ಈ ಉದ್ದನೆಯ ಪತ್ರ ಓದಲು ಪುರುಸೊತ್ತಿಲ್ಲದವರಿಗೆ ಆ ತುಂಡು ಸಾಕು.

ನಿಮ್ಮವ,
ಹುನಗುಂದ ತಾಲೂಕಿನ ಒಬ್ಬ ಡೀಸೆಲ್ ಮೆಕ್ಯಾನಿಕ್